ಮೇಡಂ ನಾದಿನ್ ಬಾಗಿಲು ತಟ್ಟಿದ ದಿನ

ಬೆಳಗಿನ ಜಾವ ಕೈರೋದಿಂದ ಮನ್ಸೂರಾಕ್ಕೆ ಹೊರಟ ವ್ಯಾನಿನಲ್ಲಿ ಇನ್ಶಿರಾಹ್ ನನ್ನ ಪಕ್ಕ, ಕಿಟಕಿಯ ಬಳಿ ಕೂತಿದ್ದಾರೆ. ಮಡಿಲಲ್ಲಿ ಬಸ್ಬೂಸಾ ಸಿಹಿಯ ಡಬ್ಬ, ಕಿವಿಗೆ ಮೊಬೈಲು. ಓದುಗರು ಕಳಿಸಿದ ಧ್ವನಿ ಸಂದೇಶಗಳನ್ನು ಕೇಳುವುದು ಅವರ ದಿನದ ಮೊದಲ ಕೆಲಸ. ನಮ್ಮ ಮಹಿಳಾ ವಾರಪತ್ರಿಕೆಯಲ್ಲಿ ‘ಮೇಡಂ ನಾದಿನ್’ ಹೆಸರಲ್ಲಿ ದಾಂಪತ್ಯದ ಸಲಹೆ ಬರೆಯುವವರು ಇವರೇ. ಅಂಕಣದ ಮೇಲಿನ ಚೆಲುವೆಯ ಚಿತ್ರ ಮಾತ್ರ ಯಾರದೋ!

“ಆ ಫೋಟೋ ನೋಡಿ ನನ್ನ ಗಂಡನೇ, ಇಂಥವಳನ್ನ ಕಟ್ಕೋಬೇಕಿತ್ತು ಅಂದಿದ್ದ,” ಎಂದು ನಗುತ್ತಾರೆ.

ಇವತ್ತು ಆ ನಗು ಬೇಗ ಆರುತ್ತದೆ. ಜಗಳವಾದರೆ ಕೆಲವು ದಿನ ದೂರವಿರಿ, ತಾನಾಗಿ ತಣ್ಣಗಾಗುತ್ತದೆ ಎಂಬ ಪ್ಯಾರಿಸ್ ಪತ್ರಿಕೆಯೊಂದರ ಸಲಹೆಯನ್ನು ಹೋದ ತಿಂಗಳು ಅವರು ಹಾಗೇ ಅನುವಾದಿಸಿದ್ದರು. ಪ್ಯಾರಿಸ್ಸಿನಲ್ಲಿ ತಣ್ಣಗಾಗುತ್ತದೇನೋ, ನನಗೆ ಗೊತ್ತಿಲ್ಲ. ಹೇಳದೆ ಕೇಳದೆ ಗೆಳೆಯರನ್ನು ಊಟಕ್ಕೆ ಕರೆತರುವ ಗಂಡನಿಂದ ಬೇಸತ್ತ ಮನ್ಸೂರಾದ ಸಮಾಹ್ ಅದನ್ನೋದಿ ತವರಿಗೆ ಹೋದಳು. ನಮ್ಮಲ್ಲಿ ಮುನಿಸಿಕೊಂಡು ತವರು ಸೇರಿದವಳು ತಾನಾಗಿ ಮರಳುವಂತಿಲ್ಲ. ಗಂಡ ಹಿರಿಯರೊಬ್ಬರ ಜೊತೆ ಬಂದು ಕೇಳಬೇಕು. ಅವಳ ಗಂಡ ವಗ್ದಿಗೋ ಹಿಂದೆ ಮುಂದೆ ಯಾರೂ ಇಲ್ಲ! ಒಬ್ಬನೇ ಹೋದವನನ್ನು ಮಾವ ಬಾಗಿಲಿಂದಲೇ ಅಟ್ಟಿದ್ದಾರೆ. ಮಾತು ತಲಾಖ್‌ವರೆಗೆ ಬಂದಿದೆ.

“ಮೇಡಂ, ನಂಗೆ ನನ್ನ ಮನೆಗೆ ಹೋಗ್ಬೇಕು. ಆದ್ರೆ ಹೇಗೆ ಹೋಗ್ಲಿ?” ಸಮಾಹ್‌ಳ ಈ ಸಂದೇಶ ಬಂದ ಮೇಲೆ ಇನ್ಶಿರಾಹ್‌ಗೆ ಊಟ ಸೇರಿಲ್ಲ.

“ಕಡ್ಡಿ ಗೀರಿದವಳು ನಾನು. ಇನ್ನೂ ಮನೇಲಿ ಕೂತು ಬರೀತಾ ಇದ್ರೆ ಆಗುತ್ತಾ?”

ಮನ್ಸೂರಾದಲ್ಲಿ ವಗ್ದಿಯನ್ನು ಹಿಂದಿಟ್ಟುಕೊಂಡು ಅವರೇ ಸಮಾಹ್‌ಳ ತವರಿನ ಬಾಗಿಲು ತಟ್ಟುತ್ತಾರೆ. ಚಹಾ ಬರುತ್ತದೆ. ಇನ್ಶಿರಾಹ್ ಲೋಟ ಮುಟ್ಟುವುದಿಲ್ಲ. ಕೇಳಲು ಬಂದವರು ಕೇಳಿದ್ದು ಸಿಗುವ ತನಕ ಕುಡಿಯಬಾರದು.

“ಗಂಡಸ್ರು ಯಾರೂ ಸಿಗ್ಲಿಲ್ವೇನೋ ನಿಂಗೆ?” ಸಮಾಹ್‌ಳ ಅಪ್ಪ ಅಳಿಯನನ್ನು ಹಂಗಿಸುತ್ತಾರೆ. ಆಮೇಲೆ ಇತ್ತ ತಿರುಗಿ, “ನೀವು ಇವನಿಗೆ ಏನಾಗ್ಬೇಕಮ್ಮ?”

“ಏನೂ ಆಗ್ಬೇಕಿಲ್ಲ ಹಾಜಿ. ನನ್ನ ಹೆಸರು ಇನ್ಶಿರಾಹ್. ದೂರ ಇರಿ ಅಂತ ಪತ್ರಿಕೇಲಿ ಬರೆದವಳು ನಾನೇ. ಬೈಯೋದಿದ್ರೆ ನನ್ನ ಬೈರಿ.”

ಹಾಜಿ ಬೈಯುತ್ತಾರೆ, ಹೊಟ್ಟೆತುಂಬ. ಅವರು ಬೈದು ಸುಸ್ತಾದ ಮೇಲೆ ಒಳಗಿಂದ ಸಮಾಹ್‌ಳ ದನಿ: “ನಾನು ಹೋಗ್ತೀನಿ ಅಪ್ಪಾ. ಆದ್ರೆ ಇನ್ಮೇಲೆ ಹೇಳದೆ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಅಡುಗೆ ಇವ್ರದೇ!”

ವಗ್ದಿ ಗೋಣು ಹಾಕುತ್ತಾನೆ. ಹಾಜಿ ನಿಟ್ಟುಸಿರು ಬಿಡುತ್ತಾರೆ. “ಚಹಾ ಕುಡೀರಮ್ಮ, ಆರಿ ಹೋಯ್ತು.”

ಮರಳುವ ದಾರಿಯಲ್ಲಿ, ಅಂಕಣಕ್ಕೆ ಇನ್ನಾದರೂ ನಿಮ್ಮ ಹೆಸರು ಹಾಕಿಸಬಾರದೇ ಎಂದು ಕೇಳುತ್ತೇನೆ.

“ಅಯ್ಯೋ, ಅದೆಲ್ಲ ಬೇಡಪ್ಪ. ಇನ್ಮೇಲೆ ಯಾರಿಗಾದ್ರೂ ಮನೆಯಿಂದ ದೂರ ಇರು ಅನ್ನೋ ಮೊದ್ಲು, ಕರ್ಕೊಂಡು ಬರೋಕೆ ಯಾರಿದ್ದಾರೆ ಅಂತ ಕೇಳ್ತೀನಿ. ಯಾರೂ ಇಲ್ಲ ಅಂದ್ರೆ ನಾನಿದ್ದೀನಿ. ಬೆಳಗಿನ ವ್ಯಾನಂತೂ ಇದ್ದೇ ಇದೆ.”