ಕೊಳದ ನೀರಲ್ಲಿ ಕಂಡ ಹಸಿರು

ಬಾಂಗ್ಲಾದೇಶದ ಮತ್ಲಬ್ ಎಂಬ ಊರಿನ ಮೊನೊವಾರಾ ಚಿಕ್ಕವಳಿದ್ದಾಗ ಕಾಲರಾ ಅವಳ ತಂಗಿಯನ್ನು ಒಂದೇ ಹಗಲಲ್ಲಿ ಕೊಂಡೊಯ್ದಿತ್ತು. ಕಾಲರಾದ ದೇವತೆ ಓಲಾಬೀಬಿ ಮುನಿದಳು ಎಂದಿದ್ದರು ಊರವರು. ಮುಂದೆ ಮೊನೊವಾರಾ ಢಾಕಾದ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಕಾಲರಾ ಬ್ಯಾಕ್ಟೀರಿಯಾಕ್ಕೆ ಮಾತ್ರ ಅಂಟಿ ಹಸಿರಾಗಿ ಹೊಳೆಯುವ ಪ್ರತಿಕಾಯ ಅಲ್ಲಿಗೆ ಹೊಸದಾಗಿ ಬಂದಿತ್ತು. ತನ್ನೂರ ಕೊಳದ ನೀರಿಗೆ ಅದನ್ನು ಬೆರೆಸಿ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಪ್ಪಿನ ನಡುವೆ ಬಾಗಿದ ಹಸಿರು ಕಡ್ಡಿಗಳು ಒಂದೊಂದಾಗಿ ಬೆಳಗಿದವು.

"ಏನಾಯ್ತು ಆಪಾ, ಉಸಿರೇ ಬಿಡ್ತಿಲ್ವಲ್ಲ?" ಎಂದ, ಅವಳನ್ನು ಅಕ್ಕನೆಂದೇ ಕರೆಯುತ್ತಿದ್ದ ಜೊತೆಗಾರ ತೌಹೀದ್.

"ಈ ಹನೀಲಿ ಎಷ್ಟೊಂದು ಜೀವಿಗಳಿವೆ ಕಣೋ. ಅಷ್ಟರಲ್ಲೂ ಪ್ರತಿಕಾಯ ಈ ಕಾಲರಾ ಕಡ್ಡೀನ ಮಾತ್ರ ಗುರುತು ಹಿಡಿದಿದೆ. ನನ್ನ ತಂಗೀನ ಕರ್ಕೊಂಡು ಹೋಗಿದ್ದು ಇದೇ."

ಅವಳಿಗೆ ಸಿಟ್ಟು ಬರಲೇ ಇಲ್ಲ. ಬೆರಗಿನಲ್ಲಿ ಬಹಳ ಹೊತ್ತು ಕಣ್ಣು ಕೀಳಲಾಗಲಿಲ್ಲ. ಆಮೇಲೆ, ನೀರು ಕುದಿಸಿ ಕುಡಿಯಿರಿ ಎಂದು ಊರಿಗೆ ಹೇಳಿ ಕಳಿಸಿದಳು.