ಮೇಲ್ ಕಾವಲಿನ ರಂಗಸಾಮಣ್ಣ

ಮದುವೆ ಪತ್ರಿಕೆ ಕೈಗೆ ಕೊಟ್ಟರೂ ರಂಗಸಾಮಣ್ಣ ಮೊದಲು ಅದನ್ನು ತಿರುಗಿಸಿ, ಕಳಿಸಿದವರ ವಿಳಾಸ ಓದಿ, ಆಮೇಲೆ ಬಿಡಿಸುತ್ತಿದ್ದರು. ತಮಿಳುನಾಡಿನ ಒಡ್ಡನ್‌ಛತ್ರದ ತರಕಾರಿ ಮಂಡಿಯೊಂದರ ಕಚೇರಿಯಲ್ಲಿ ಇ-ಮೇಲ್ ಸರ್ವರ್ ನೋಡಿಕೊಳ್ಳುವುದು ಅವರ ಕೆಲಸ. ನಾನು ಅವರ ಸಹಾಯಕಿ. ನಮ್ಮಿಬ್ಬರದೂ, ಯಜಮಾನರದೂ ಮನೆಮಾತು ಕನ್ನಡ; ನನ್ನದು ಅರ್ಧ ತಮಿಳು.

ಆಂಟಿವೈರಸ್ ಕೊಳ್ಳುವ ಮುಂಚೆ ಮೂರು ಬಗೆಯವನ್ನು ತಿಂಗಳುಗಟ್ಟಲೆ ಹಾಕಿ ನೋಡಿದ್ದರು. ಯಾವುದು ಕೆಟ್ಟ ಮೇಲ್ ಹಿಡಿಯುತ್ತದೆ, ಯಾವುದು ಓಡೈಪಟ್ಟಿ ಊರಿನ ದ್ರಾಕ್ಷಿಯ ಆರ್ಡರನ್ನೇ ಕಳ್ಳನೆಂದು ತಡೆಯುತ್ತದೆ ಎಂದೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಒಮ್ಮೆ ಕೊಂಡರೆ ಮುಗಿಯಿತಲ್ಲ ಎಂದ ಯಜಮಾನರಿಗೆ, "ನಾಯಿ ತಂದು ಕಟ್ಟಿದ್ರೆ ಆಯ್ತಾ ಮೊದ್ಲಾಳಿ? ದಿನಾ ಕೂಳಾಕ್ಬೇಕು" ಎಂದಿದ್ದರು. ಅದಕ್ಕೇ ದಿನವೂ ಅಪ್‌ಡೇಟ್ ಆಗಿದೆಯೇ ಎಂದು ನೋಡದೆ ಕಾಫಿ ಕುಡಿಯುತ್ತಿರಲಿಲ್ಲ.

ಆಯುಧಪೂಜೆಯಂದು ದುಡಿದ ವಸ್ತುವಿಗೆಲ್ಲ ಕುಂಕುಮವಿಟ್ಟು ವಿಶ್ರಾಂತಿ ಕೊಡುವುದು ನಮ್ಮ ರೂಢಿ. ಅಪ್ಪ ಅಂದು ಗುದ್ದಲಿಯನ್ನೂ ಮುಟ್ಟುವುದಿಲ್ಲ. ಆರ್ಡರ್ ಬರುವ ಸರ್ವರನ್ನಂತೂ ನಿಲ್ಲಿಸುವಂತಿರಲಿಲ್ಲ. ವರ್ಷವಿಡೀ ಕಣ್ಣು ಮುಚ್ಚದ ಆಂಟಿವೈರಸ್ಸಿಗಾದರೂ ಒಂದು ದಿನ ರಜೆ ಇರಲಿ ಎಂದು ಭಕ್ತಿಯಿಂದ ಅದನ್ನು ನಿಲ್ಲಿಸಿ ಮನೆಗೆ ಹೋದೆ. ಇಂಥ ಬುದ್ಧಿ ನನಗಲ್ಲದೆ ಇನ್ಯಾರಿಗೆ ಬರಬೇಕು. ಮರುದಿನ ನಾವಿಬ್ಬರೂ ಬರುವ ಮೊದಲೇ ಗುಮಾಸ್ತರೊಬ್ಬರು ಬಿಲ್ಲೆಂದು ನಂಬಿ ಒಂದು ಮೇಲ್ ತೆರೆದರು. ಅದರಲ್ಲಿದ್ದ ವೈರಸ್ಸಿನಿಂದ ಕಚೇರಿಯ ಫೈಲುಗಳಿಗೆಲ್ಲ ಬೀಗ ಬಿತ್ತು; ಒಂದೂ ತೆರೆಯಲಿಲ್ಲ.

ಬೇರೆ ಡಿಸ್ಕಿನಲ್ಲಿಟ್ಟಿದ್ದ ನಕಲಿನಿಂದ ರಂಗಸಾಮಣ್ಣ ಎರಡು ದಿನದಲ್ಲಿ ಎಲ್ಲವನ್ನೂ ಮರಳಿ ತಂದರು. ಆದರೂ ಕಾವಲು ನಿಲ್ಲಿಸಿದ್ದು ಯಾರೆಂದು ಯಜಮಾನರು ಕೇಳಿದರು. ಒಂದು ದೂರು ಬಂದರೂ ಕೆಲಸ ಬಿಡಿಸಿ ಮದುವೆ ಮಾಡುತ್ತೇನೆಂದು ಅಪ್ಪ ಹೇಳಿಯೇ ಕಳಿಸಿದ್ದರು. ಅದು ರಂಗಸಾಮಣ್ಣನಿಗೂ ಗೊತ್ತಿತ್ತು.

"ನಾನೇ" ಎಂದರು ಅವರು. ಕೆಲಸ ಹೋಯಿತು.

ವರ್ಷದ ಮೇಲೆ, ಅವರು ಪಳನಿಯ ಲಾಡ್ಜೊಂದರಲ್ಲಿ ಕೋಣೆಗಳ ಬುಕಿಂಗ್ ನೋಡಿಕೊಳ್ಳುತ್ತಿದ್ದಾರೆಂದು ತಿಳಿದು ಹೋದೆ. ತಪ್ಪೊಪ್ಪಿಕೊಂಡು ಅತ್ತೆ. "ಪರವಾಯಿಲ್ಲ ಪಾಪಾ. ನಂಗೆ ಇನ್ನೊಂದು ಕೆಲ್ಸ ಸಿಕ್ತು. ನಿಂಗೆ ಸಿಕ್ತಿರ್ಲಿಲ್ಲ" ಎಂದರು. ಬಾಳೆಹಣ್ಣು ಕೊಟ್ಟು, ಬಸ್ಸು ಹತ್ತಿಸಿದರು.

ಈಚೆಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮರುದಿನ ಯಜಮಾನರ ಮುಂದೆ ನಿಂತು, ಅಂದು ನಿಲ್ಲಿಸಿದವಳು ನಾನು ಎಂದೆ.

"ಅವ್ನು ಇದ್ದಾಗ್ಲೇ ಹೇಳಿದ್ರೆ, ನಾನೇ ಪಳನಿಗೆ ಹೋಗಿ ಕರ್ಕೊಂಡ್ ಬತ್ತಿದ್ನಲ್ಲ ತಾಯೀ" ಎಂದರು.