ಬೀಮಿನಿಂದ ಇಳಿದ ವೈನಿ

ಮದುವೆಯ ಹಿಂದಿನ ದಿನ ವೈನಿಯ ಕೈಗೆ ಹಸಿರು ಬಳೆ ಏರಲೇ ಇಲ್ಲ. ಗಡಹಿಂಗ್ಲಜದ ಅವರ ಮನೆಯ ಪಡಸಾಲೆಯಲ್ಲಿ ಬಳೆಗಾರ ಎಣ್ಣೆ ಹಚ್ಚಿದ, ಸಾಬೂನು ಹಚ್ಚಿದ, ಬೆರಳುಗಳನ್ನು ಕೂಡಿಸಿ ಒತ್ತಿ ನೋಡಿದ. ಅಗಲವಾದ ಅಂಗೈ, ಗಂಡಸರಷ್ಟು ದಪ್ಪನೆಯ ಮಣಿಕಟ್ಟು, ಬೆರಳುಗಳ ಬುಡದಲ್ಲಿ ಸಾಲಾಗಿ ಗಟ್ಟಿ ಜಡ್ಡು. ಎರಡು ಬಳೆ ಒಡೆದ ಮೇಲೆ ಅವನು ಬೆವರು ಒರೆಸಿಕೊಂಡು, “ಯವ್ವಾ, ನೀ ಏನ್ ಕಲ್ಲ ಒಡೀತಿದ್ದೇನ?” ಎಂದ. ಹೆಂಗಸರೆಲ್ಲ ನಕ್ಕರು.

“ಇಲ್ರಿ ಕಾಕಾ, ಜೋತಾಡ್ತಿದ್ದೆ,” ಎಂದರು ವೈನಿ, ನಗದೆ.

ಅದು ಕಸರತ್ತಿನ ಅಡ್ಡ ಸರಳಿಗೆ ಜೋತಾಡಿ ಬಂದ ಜಡ್ಡು. ವೈನಿ, ಎಂದರೆ ನನ್ನ ಅಣ್ಣನ ಹೆಂಡತಿ, ಜಿಮ್ನಾಸ್ಟ್ ಆಗಿದ್ದರು. ಶಾಲೆಯ ಗ್ಯಾದರಿಂಗಿನಲ್ಲಿ ಒಂದೆರಡು ಪಲ್ಟಿ ಹೊಡೆದು ಬಿಟ್ಟವರಲ್ಲ. ದೇಶದ ಹೆಸರು ಬರೆದ ಅಂಗಿ ತೊಟ್ಟು ಒಮ್ಮೆ ಪರದೇಶಕ್ಕೂ ಹೋಗಿ ಬಂದವರು. ಚಿಕ್ಕವರಿದ್ದಾಗ ಊರಿನ ವ್ಯಾಯಾಮಶಾಲೆಯಲ್ಲಿ ಗಂಡುಹುಡುಗರ ಮಲ್ಲಕಂಬ ಏರಿ ಕೂತು, ಇಳಿಯಲು ಒಲ್ಲೆ ಎಂದರಂತೆ. ಅದನ್ನು ಕಂಡ ಕೊಲ್ಹಾಪುರದ ಸರ್ ಒಬ್ಬರು ಅವರ ಅಪ್ಪನನ್ನು ಒಪ್ಪಿಸಿ ಕರೆದುಕೊಂಡು ಹೋದರು. ಆಗಿನ್ನೂ ವೈನಿಯ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ.

ಕೊಲ್ಹಾಪುರದಲ್ಲಿ ಸೋದರತ್ತೆಯ ಮನೆ. ಶಾಲೆಗೆ ಮುಂಚೆ ತಾಲೀಮು, ಶಾಲೆ ಬಿಟ್ಟ ಮೇಲೆ ತಾಲೀಮು. ಹಬ್ಬದ ದಿನ ಮನೆಯವರೆಲ್ಲ ಹೋಳಿಗೆ ಉಣ್ಣುವಾಗ ಇವರ ತಾಟಿನಲ್ಲಿ ಅರ್ಧ ಜೋಳದ ಭಕ್ರಿ, ಮೊಳಕೆ ಕಾಳು. ಹದಿನಾಲ್ಕರಲ್ಲಿ ಮೊಣಕಾಲು ಬಾತಿತು. ಪಟ್ಟಿ ಸುತ್ತಿಕೊಂಡು ಜಿಗಿದರು. ಹದಿನೇಳರಲ್ಲಿ ಪರದೇಶದ ಸ್ಪರ್ಧೆ. ಅಲ್ಲಿ ಬೀಮಿನ ಮೇಲೆ, ಎಂದರೆ ಎದೆಯೆತ್ತರದ, ಅರ್ಧ ಗೇಣು ಅಗಲದ ಪಟ್ಟಿಯ ಮೇಲೆ, ಪಲ್ಟಿ ಹೊಡೆಯುವಾಗ ಜಾರಿ ಬಿದ್ದರು. ಅದೇ ಮೊಣಕಾಲು ತಿರುಚಿತು. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೋದರು. ಆಪರೇಷನ್ನು ಆಯಿತು. ಆಮೇಲೆ ಫೋಟೊ ತೆಗೆಯಲು ಮನೆಗೆ ಬರುತ್ತಿದ್ದವರು ಬರುವುದು ನಿಂತಿತು.

ಇಚಲಕರಂಜಿಯಲ್ಲಿ ನಮ್ಮದು ಕೆಳಗೆ ಅಣ್ಣನ ಪವರ್‌ಲೂಮು, ಮೇಲೆ ಮನೆ. ಇಡೀ ದಿನ ಖಟಖಟ. ಹೊಸಬರಿಗೆ ತಲೆ ಸಿಡಿಯುತ್ತದೆ. ವೈನಿ ಮಾತ್ರ ಬಂದ ಮೊದಲ ಮಧ್ಯಾಹ್ನವೇ ಬರಿ ಚಾಪೆಯ ಮೇಲೆ ಮೈಮರೆತು ನಿದ್ದೆ ಹೋದರು. ಚಹಾಕ್ಕೆ ಎಬ್ಬಿಸಲು ಹೋದ ನನ್ನನ್ನು ಅವ್ವ ತಡೆದಳು. “ಎಷ್ಟ್ ವರ್ಷದ ನಿದ್ದಿ ಬಾಕಿ ಐತೇನೋ ಹುಡಿಗೀದು. ಮಲಗ್ಲಿ ಬಿಡು.”

ಅವರಿಗಾಗ ಇಪ್ಪತ್ತಮೂರು. ಬೆಳಗ್ಗೆ ಮೆಟ್ಟಿಲು ಇಳಿಯುವಾಗ ಮಾತ್ರ ಎಪ್ಪತ್ತರ ಮುದುಕಿಯಂತೆ ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದರು. ಮೈ ಬೆಚ್ಚಗಾಗುವ ತನಕ ಮಾತಿಲ್ಲ. ಆಮೇಲೆ ಒಂದೇ ಕಾಲ ಮೇಲೆ ನಿಂತು ಭಕ್ರಿ ಬಡಿಯುವರು, ತಮಗೇ ಗೊತ್ತಿಲ್ಲದೆ. ಊರಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿ ಸೇರಿದ್ದರು. ಒಮ್ಮೆ ನಾನು, “ಅಷ್ಟ್ ಮಂದಿ ಮುಂದ ಬಿದ್ದಾಗ ನಾಚಿಕಿ ಆಗಲಿಲ್ಲೇನ್ರಿ ವೈನಿ?” ಎಂದು ಕೇಳಿಬಿಟ್ಟೆ. ಅವರು ಹೇಳಿದರು: “ಬೀಳೂದರಾಗ ನಾಚಿಕಿ ಇಲ್ಲ ತಂಗಿ. ಏಳೂದರಾಗ ಭಾಳ ಬ್ಯಾಸರ.”

ಮದುವೆಯ ಮರುವರ್ಷ ಒಂದು ದಿನ ಊಟಕ್ಕೆ ಕೂತಾಗ ಅಣ್ಣನಿಗೆ, “ನಾ ಇನ್ನೊಮ್ಮೆ ಆಡ್ತೇನ್ರಿ,” ಎಂದರು. ಅಣ್ಣ ಮಿತಭಾಷಿ. “ಮೊಣಕಾಲು?” ಎಂದ.

“ಅದಕ್ಕೂ ಹೇಳೇನಿ, ಇದ ಕಡೀದು ಅಂತ.”

“ಯಾಕಬೇಕವ್ವ ಈಗ?” ಎಂದಳು ಅವ್ವ. “ಮಂದಿ ಏನಂದಾರು?”

“ಅತ್ತಿ, ಆವತ್ತ ನನ್ನ ಹೆಣ ಎತ್ತಿದಂಗ ಎತ್ಕೊಂಡ ಹೋದ್ರು. ಒಮ್ಮೆ ನನ್ನ ಕಾಲ ಮ್ಯಾಲ ನಾನ ಇಳದ ಬರಬೇಕ್ರಿ. ಅಷ್ಟ.”

ಅವ್ವ ಗೊಣಗಿದಳು. ಗೊಣಗುತ್ತಲೇ ಮರುದಿನದಿಂದ ಡಬ್ಬಿ ಕಟ್ಟಿದಳು, ರಾತ್ರಿ ಮೊಣಕಾಲಿಗೆ ಎಣ್ಣೆ ಹಾಕಿ ತಿಕ್ಕಿದಳು. ಶಾಲೆ ಮುಗಿಸಿ ವೈನಿ ತಮ್ಮ ಹಳೆಯ ಸರ್ ಹತ್ತಿರ ತಾಲೀಮಿಗೆಂದು ಕೊಲ್ಹಾಪುರದ ಬಸ್ಸು ಹಿಡಿಯುವರು. ಕಾಲೇಜಿಗೆ ರಜೆಯಿದ್ದಾಗ ನಾನೂ ಹೋಗುತ್ತಿದ್ದೆ. ಅಲ್ಲಿ ಆಡುವ ಹುಡುಗಿಯರೆಲ್ಲ ಇವರ ಅರ್ಧ ವಯಸ್ಸಿನವರು. ಇವರನ್ನು ‘ಕಾಕೂ’, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಸರ್‌ಗೆ ಇವರ ಕಡೆ ನೋಡಲು ಹೆಚ್ಚು ಪುರುಸೊತ್ತಿರಲಿಲ್ಲ. ವೈನಿ ಮೂಲೆಯ ಬೀಮು ಖಾಲಿಯಾಗುವ ತನಕ ಕಾಯುವರು, ಹತ್ತುವರು, ಬೀಳುವರು, ಮತ್ತೆ ಹತ್ತುವರು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಬಡಿಯುತ್ತಿದ್ದರೂ ಎಚ್ಚರವಾಗುತ್ತಿರಲಿಲ್ಲ.

ರಾಜ್ಯಮಟ್ಟದ ಸ್ಪರ್ಧೆ ಕೊಲ್ಹಾಪುರದಲ್ಲೇ ಆಯಿತು. ಅವ್ವ ಬಂದಿದ್ದಳು. ವೈನಿ ಬೀಮು ಹತ್ತಿದ್ದೇ ತಡ, ಸೆರಗಿನಿಂದ ಮುಖ ಮುಚ್ಚಿಕೊಂಡು ನನ್ನ ತೋಳು ಚಿವುಟತೊಡಗಿದಳು. “ಇಳದಳೇನ? ಹೇಳ, ಇಳದಳೇನ?” ನಡುವೆ ಒಮ್ಮೆ ವೈನಿಯ ಮೈ ವಾಲಿತು. ಎರಡೂ ಕೈ ಚಾಚಿ ಹಾಗೇ ನಿಂತರು. ಹೊಟ್ಟೆ ಏರಿಳಿಯುವುದು ನನಗೆ ಕಾಣುತ್ತಿತ್ತು. ಆಮೇಲೆ ಹಿಂದಕ್ಕೆ ಪಲ್ಟಿ ಹೊಡೆದು ನೆಲಕ್ಕೆ ಬಂದರು. ಒಂದು ಹೆಜ್ಜೆ ತಪ್ಪಿತು, ಆದರೆ ನಿಂತರು. ಎರಡೂ ಕೈ ಮೇಲೆತ್ತಿದರು.

ಪದಕದ ಹತ್ತಿರಕ್ಕೂ ಬರಲಿಲ್ಲ. ಬಂದು ಅವ್ವನ ಪಕ್ಕದಲ್ಲಿ ಕೂತು, “ಅತ್ತಿ, ದಣದೇನ್ರಿ,” ಎಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವ್ವ ಅವರ ಬೆನ್ನು ಸವರಿ, “ಹೂಂ, ಸಾಕವ್ವ. ನಡಿ ಮನೀಗೆ,” ಎಂದಳು.

ಆಮೇಲೆ ನನ್ನ ಮದುವೆಯಾಗಿ ನಾನು ಚಂದಗಡಕ್ಕೆ ಬಂದೆ. ವೈನಿಗೆ ಮಗಳು ಹುಟ್ಟಿದಳು. ಅವಳಿಗೆ ಆರೇಳು ವರ್ಷವಿದ್ದಾಗ ನಾನು ತವರಿಗೆ ಹೋಗಿದ್ದೆ; ಅದೇ ದಿನ ಸರ್ ತಮ್ಮ ಮನೆಯ ಮದುವೆಗೆ ಕರೆಯಲು ಬಂದರು. ಹುಡುಗಿ ಮೆಟ್ಟಿಲ ಮೇಲಿನ ಕಬ್ಬಿಣದ ಸರಳಿಗೆ ಜೋತುಬಿದ್ದು ಕಾಲನ್ನು ಮೂಗಿನ ತನಕ ಎತ್ತುತ್ತಿದ್ದಳು. ಸರ್ ಅಲ್ಲೇ ನಿಂತುಬಿಟ್ಟರು.

“ಹಿಲಾ ಮಾಝ್ಯಾಕಡೆ ಪಾಠವ್,” ಎಂದರು ಮರಾಠಿಯಲ್ಲಿ. ಇವಳನ್ನು ನನ್ನ ಹತ್ತಿರ ಕಳಿಸು. ಗಡಿಯ ಕಡೆಯವರು, ಕನ್ನಡವೂ ಬರುತ್ತಿತ್ತು. “ನಿನಗ ತಪ್ಪಿದ್ದು ಇಕಿಗೆ ಸಿಗತೈತಿ.”

ವೈನಿ ಚಹಾ ಕೊಟ್ಟು ಎದುರು ಕೂತರು. ಕೂರುವಾಗ ಮೊಣಕಾಲು ಕಟ್ ಎಂದದ್ದು ನನಗೂ ಕೇಳಿಸಿತು.

“ಸರ್, ಹದಿನಾಲ್ಕಕ್ಕ ನನ್ನ ಮೊಣಕಾಲು ಬಾತಿತ್ತು. ನೆನಪೈತ್ರಿ?”

“ಐತಿ.”

“ಆಗ ನೀವು ಏನಂದಿದ್ರಿ?”

ಸರ್ ಕಪ್ಪು ಕೆಳಗಿಟ್ಟರು. ಸುಳ್ಳು ಹೇಳುವ ಮನುಷ್ಯರಲ್ಲ. “ಸ್ಪರ್ಧಾ ಮುಗೀಲಿ, ಆಮ್ಯಾಲ ನೋಡೋಣು ಅಂದಿದ್ದೆ.”

“ಆ ಆಮ್ಯಾಲ ಈಗ ನಡದೈತ್ರಿ ಸರ್.”

ವೈನಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸರ್‌ಗೆ ಹಗುರಾಗುತ್ತಿತ್ತೇನೋ. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, “ಚುಕಲಂ ಮಾಝಂ,” ಎಂದರು. ತಪ್ಪಾಯಿತು ನನ್ನದು. “ಹುಷಾರ ಇಳೀರಿ ಸರ್, ಪಾವಟಿಗಿ ಸಣ್ಣವದಾವು,” ಎಂದಷ್ಟೇ ಅಂದರು ವೈನಿ.

ಹುಡುಗಿ ಅತ್ತಳು. ಅವಳಿಗೆ ಆಡಬೇಕಾಗಿತ್ತು. ಮರುದಿನ ಸಂಜೆ ವೈನಿ ಮಾಳಿಗೆಯ ಮೇಲೆ ಮನೆಯ ಕೌದಿಗಳನ್ನೆಲ್ಲ ಹಾಸಿ ತಾವೇ ಕಲಿಸಲು ನಿಂತರು. ಸ್ವಲ್ಪ ಹೊತ್ತಿಗೆ ಮಗಳು “ಸಾಕವ್ವ” ಎಂದಳು. ವೈನಿ ಕೂಡಲೇ ಕೌದಿ ಸುತ್ತಿದರು. “ಈಗರ ಸುರು ಮಾಡೀರಿ?” ಎಂದೆ ನಾನು.

“ಸಾಕು ಅಂತ ಬಾಯಿಬಿಟ್ಟ ಹೇಳ್ಯಾಳಲ್ಲ. ನನಗ ಆ ಮಾತ ಬರಾಕ ಭಾಳ ವರ್ಷ ಹಿಡೀತು.”

ಮೂರ್ನಾಲ್ಕು ವರ್ಷ ಕಳೆದ ಮೇಲೆ ಅವ್ವ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ರಾಡು ಹಾಕಿದರು. ಡಾಕ್ಟರು ನಡೆಸಿರಿ ಎಂದರು. ಅವ್ವ ನೆಲಕ್ಕೆ ಕಾಲೂರಲು ಒಲ್ಲೆ ಎಂದಳು. ನಮ್ಮ ಚಂದಗಡದಲ್ಲಿ ಭತ್ತದ ನಾಟಿಯ ಕಾಲ. ನಾನು ಎರಡು ದಿನ ಇದ್ದು, ಅತ್ತು, ಸುರಿಯುವ ಮಳೆಯಲ್ಲಿ ಬಸ್ಸು ಹತ್ತಿ ವಾಪಸು ಬಂದೆ. ಉಳಿದವರು ವೈನಿ.

ಅವರು ದಿನವೂ ಅವ್ವನ ಎರಡೂ ಕೈಗಳನ್ನು ತಮ್ಮ ಕೊರಳಿಗೆ ಹಾಕಿಕೊಂಡು ಮೇಲೆತ್ತುತ್ತಿದ್ದರು. “ಇವತ್ತ ನಿಂದರೂದಷ್ಟರಿ. ನಾಳಿ ಮಾತ ನಾಳಿಗೆ.” ಅವ್ವ ಬಯ್ಯುತ್ತಿದ್ದಳು: “ನನ್ನೇನ ಸರ್ಕಸ್ಸಿಗೆ ಕಳಸ್ತೀಯೇನ?” “ಕಳಸ್ತೇನ್ರಿ ಅತ್ತಿ, ಮೊದಲ ಬಚ್ಚಲಕ್ಕ ಹೋಗಿ ಬರ್ರಿ.” ದೀಪಾವಳಿಯ ಹೊತ್ತಿಗೆ ಅವ್ವ ಕೋಲು ಹಿಡಿದು ಓಣಿಯ ತುದಿಯ ಮಠದ ತನಕ ಹೋಗಿ ಬಂದಳು. ಅಷ್ಟರಲ್ಲಿ ವೈನಿಯ ಇನ್ನೊಂದು ಮೊಣಕಾಲೂ ಬಾತಿತ್ತು.

ಅವ್ವ ತೀರಿಕೊಂಡ ದಿನವೂ ಬೆಳಗ್ಗೆ ತಾನೇ ಎದ್ದು ಜಳಕ ಮಾಡಿದ್ದಳಂತೆ. ಅದಕ್ಕೆ ತಿಂಗಳು ಮೊದಲು ನಾನು ಹೋಗಿದ್ದಾಗ ನನ್ನ ಕೈ ಹಿಡಿದು ಹೇಳಿದ್ದಳು: “ಹೆತ್ತ ಮಗಳು ನೀನ ಖರೆ. ಆದ್ರ ನನ್ನ ನೆಲದ ಮ್ಯಾಲ ನಿಂದರಿಸಿದಾಕಿ ಅಕಿ. ಮರೀಬ್ಯಾಡ.”

ಮುಂದಿನ ವಾರ ಕೊಲ್ಹಾಪುರದಲ್ಲಿ ವೈನಿಗೆ ಮೊಣಕಾಲು ಬದಲಿಸುವ ಆಪರೇಷನ್ನು. ವರ್ಷಗಟ್ಟಲೆ ಮುಂದೂಡಿ ಈಗ ಒಪ್ಪಿದ್ದಾರೆ. ನಿನ್ನೆ ಫೋನ್ ಮಾಡಿ, ಬರುತ್ತೇನೆ ಎಂದೆ. ಆ ಕಡೆ ಮಗ್ಗದ ಸದ್ದು ಕೇಳುತ್ತಿತ್ತು.

“ಬರೂದಾದ್ರ ತಿಂಗಳ ಇರಾಕ ಬಾ ತಂಗಿ,” ಎಂದರು ವೈನಿ. “ಎರಡ ದಿನಕ್ಕ ಬರೂ ಮಂದಿ ಭಾಳ ಅದಾರ.”

ಇವತ್ತು ಮಧ್ಯಾಹ್ನದಿಂದ ಸೀರೆಗಳನ್ನು ಮಡಿಚಿ ತುಂಬುತ್ತಿದ್ದೇನೆ. ತಿಂಗಳಿಗಾಗುವಷ್ಟು ಒಂದು ಚೀಲದಲ್ಲಿ ಹಿಡಿಯುವುದಿಲ್ಲ. ಅಟ್ಟದ ಮೇಲಿನಿಂದ ಇನ್ನೊಂದು ಇಳಿಸಿಕೊಂಡಿದ್ದೇನೆ.